ಬಿಪಿ ಅಳೆದ ಮೇಲೆ ಏನು? ಅಮೆರಿಕದ ಕನ್ನಡಿಗ ವೈದ್ಯರಿಗೆ, ಫಾರ್ಮಸಿಸ್ಟರಿಗೆ, ಕನ್ನಡ ಕೂಟಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ನಿಮ್ಮಲ್ಲಿ ಹಲವರು ಕಾನ್ರಾಡ್ 30 ಯೋಜನೆಯ ವೀಸಾ ವಿನಾಯಿತಿ ಪಡೆದು, ಮೂರು ವರ್ಷ ವೈದ್ಯರ ಕೊರತೆಯಿರುವ ಊರಿನಲ್ಲಿ ದುಡಿಯುವ ಷರತ್ತಿಗೆ ಒಪ್ಪಿ, ಮಿಸಿಸಿಪ್ಪಿಗೋ ಅಲಬಾಮಕ್ಕೋ ಜಾರ್ಜಿಯಾದ ಹಳ್ಳಿಗಾಡಿಗೋ ಹೋದವರು. ಅವಧಿ ಮುಗಿದ ಮೇಲೂ ಅಲ್ಲೇ ನೆಲೆ ನಿಂತವರಿದ್ದೀರಿ. ಇಂಥ ಊರುಗಳಲ್ಲಿ ನಿಮ್ಮ ಕ್ಲಿನಿಕ್ಕಿನ ಬಾಗಿಲು ತಟ್ಟುವವರಲ್ಲಿ ದೊಡ್ಡ ಪಾಲು ಆಫ್ರಿಕನ್ ಅಮೆರಿಕನ್ನರದು. ಕೂಟಗಳೂ ಭಾರತೀಯ ವೈದ್ಯರ ಸಂಘಗಳೂ ಶಿಬಿರಗಳನ್ನು ನಡೆಸುತ್ತವೆ. ಸಾಲಾಗಿ ಕುರ್ಚಿ ಹಾಕಿ, ಬಿಪಿ, ಸಕ್ಕರೆ ನೋಡಿ, ಕೈಗೊಂದು ಕರಪತ್ರ ಕೊಟ್ಟು, ಸಂಜೆಗೆ ಸಾಮಾನು ಕಟ್ಟುತ್ತಾರೆ. ಆ ಶ್ರದ್ಧೆಯ ಬಗ್ಗೆ ನಮಗೆ ಗೌರವವಿದೆ. ಆದರೂ ಈ ಪತ್ರ ಬರೆಯುತ್ತಿರುವುದು ಆ ಕ್ರಮವನ್ನು ಬದಲಿಸಿ ಎಂದು ಕೇಳಲಿಕ್ಕೆ. ಒಂದು ದಿನದ ಶಿಬಿರಕ್ಕೆ ಹೋಗುವ ದುಡ್ಡನ್ನೂ ಕೈಗಳನ್ನೂ ಒಂದೇ ಚರ್ಚಿಗೆ ಅಥವಾ ಒಂದೇ ಕ್ಷೌರದಂಗಡಿಗೆ, ಕನಿಷ್ಠ ಹದಿನೆಂಟು ತಿಂಗಳ ಮಟ್ಟಿಗೆ ಕೊಡಿ. ಬಿಪಿ ಅಳೆದ ಜಾಗದಲ್ಲೇ ಔಷಧವೂ ಸಿಗುವಂತೆ ಮಾಡಿ.

ಯಾಕೆ ಈ ಹಟ ಅಂದರೆ, ಈ ಸಮುದಾಯದಲ್ಲಿ ಹೃದಯ ಸೋಲುವುದು ತೀರಾ ಚಿಕ್ಕ ವಯಸ್ಸಿಗೆ. 1985ರಲ್ಲಿ ಶುರುವಾದ ಕಾರ್ಡಿಯಾ ಅಧ್ಯಯನ ಬರ್ಮಿಂಗ್‌ಹ್ಯಾಮ್, ಶಿಕಾಗೊ, ಮಿನ್ನಿಯಾಪೊಲಿಸ್, ಓಕ್‌ಲೆಂಡ್‌ಗಳ 5,115 ಯುವಕ ಯುವತಿಯರನ್ನು ಹಿಂಬಾಲಿಸಿತು. ಇಪ್ಪತ್ತು ವರ್ಷಗಳಲ್ಲಿ, ಐವತ್ತು ತುಂಬುವ ಮೊದಲೇ ಹಾರ್ಟ್ ಫೇಲ್ಯೂರ್‌ಗೆ ತುತ್ತಾದವರು 27 ಮಂದಿ. ಅವರಲ್ಲಿ 26 ಮಂದಿ ಕಪ್ಪು ಜನ. ಹೆಚ್ಚಿನವರ ಹಿಂದಿದ್ದದ್ದು ಹತೋಟಿಗೆ ಬಾರದ ಬಿಪಿ. ಇಂದಿಗೂ ವಯಸ್ಕ ಆಫ್ರಿಕನ್ ಅಮೆರಿಕನ್ನರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅಧಿಕ ರಕ್ತದೊತ್ತಡ ಇದೆ.

ಇದಕ್ಕೆ ರಕ್ತದ ಗುಣ, ವಂಶದ ಗುಣ ಎಂದು ಉತ್ತರ ಕೊಡುವ ವೈದ್ಯರನ್ನು ನಾವು ಈಗಲೂ ಕಾಣುತ್ತೇವೆ. ಅವರು 1997ರಲ್ಲಿ ರಿಚರ್ಡ್ ಕೂಪರ್ ಮತ್ತು ಸಂಗಡಿಗರು ಪ್ರಕಟಿಸಿದ ಹೋಲಿಕೆಯನ್ನು ನೋಡಬೇಕು. ಒಂದೇ ಮೂಲದ ಜನರಲ್ಲಿ ಬಿಪಿ ಇದ್ದವರ ಪ್ರಮಾಣ ಪಶ್ಚಿಮ ಆಫ್ರಿಕದಲ್ಲಿ ಶೇ. 16, ಕೆರಿಬಿಯನ್ ದ್ವೀಪಗಳಲ್ಲಿ ಶೇ. 26, ಶಿಕಾಗೊ ಪಕ್ಕದ ಊರಿನಲ್ಲಿ ಶೇ. 33. ಪೂರ್ವಿಕರು ಒಬ್ಬರೇ. ಬೇರೆಯಾದದ್ದು ಬದುಕುವ ನೆಲ, ತಿನ್ನುವ ಊಟ, ದುಡಿಮೆ, ಅವಮಾನ, ಆಸ್ಪತ್ರೆಯ ದೂರ. ಹಾಗಾಗಿ ಮದ್ದು ಕೂಡ ಅವರು ಬದುಕುವ ಜಾಗಕ್ಕೇ ಹೋಗಬೇಕು.

ಅದು ಸಾಧ್ಯ ಎನ್ನುವುದಕ್ಕೆ ನಮ್ಮ ಮುಂದಿರುವ ಗಟ್ಟಿ ಪುರಾವೆ ಲಾಸ್ ಏಂಜಲೀಸಿನ ಕ್ಷೌರದಂಗಡಿಗಳದು. ಸೀಡರ್ಸ್-ಸೈನಾಯ್ ಆಸ್ಪತ್ರೆಯ ಡಾ. ರೊನಾಲ್ಡ್ ವಿಕ್ಟರ್ ನೇತೃತ್ವದ ಆ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಕಪ್ಪು ಸಮುದಾಯದ 52 ಅಂಗಡಿಗಳು, ಮೇಲಿನ ಬಿಪಿ 140 ದಾಟಿದ್ದ 319 ಗಿರಾಕಿಗಳು. ಅರ್ಧದಷ್ಟು ಅಂಗಡಿಗಳಲ್ಲಿ ಕ್ಷೌರಿಕರು ಜೀವನಶೈಲಿಯ ಬಗ್ಗೆ ಹೇಳಿ, ವೈದ್ಯರನ್ನು ಕಾಣಿ ಎಂದು ಒತ್ತಾಯಿಸಿದರು. ಉಳಿದ ಅಂಗಡಿಗಳಿಗೆ ವಿಶೇಷ ತರಬೇತಿ ಪಡೆದ ಫಾರ್ಮಸಿಸ್ಟರೇ ಬಂದು ಕೂತರು. ಗಿರಾಕಿಯ ವೈದ್ಯರೊಡನೆ ಮೊದಲೇ ಮಾಡಿಕೊಂಡ ಒಪ್ಪಂದದಂತೆ ಅಲ್ಲೇ ಔಷಧ ಬರೆದರು, ಮುಂದಿನ ಭೇಟಿಯಲ್ಲಿ ಪ್ರಮಾಣ ಏರಿಸಿದರು, ರಕ್ತದ ಲವಣಾಂಶವನ್ನೂ ಅಲ್ಲೇ ಪರೀಕ್ಷಿಸಿದರು. ಆರು ತಿಂಗಳಿಗೆ ಫಾರ್ಮಸಿಸ್ಟರಿದ್ದ ಅಂಗಡಿಗಳಲ್ಲಿ ಸರಾಸರಿ ಬಿಪಿ 152.8ರಿಂದ 125.8ಕ್ಕೆ ಇಳಿಯಿತು. ಮಾತು ಮಾತ್ರ ನಡೆದ ಅಂಗಡಿಗಳಲ್ಲಿ 154.6 ಇದ್ದದ್ದು 145.4ಕ್ಕೆ ನಿಂತಿತು. 130/80ಕ್ಕಿಂತ ಕೆಳಗೆ ಬಂದವರು ಒಂದು ಕಡೆ ಶೇ. 63.6, ಇನ್ನೊಂದು ಕಡೆ ಶೇ. 11.7. ವರ್ಷ ತುಂಬಿದಾಗಲೂ ಆ ಅಂತರ ಹೆಚ್ಚುಕಮ್ಮಿ ಹಾಗೇ ಉಳಿದಿತ್ತು.

ಇದರ ಹಿಂದಿನ ಪ್ರಯೋಗವನ್ನೂ ಜೊತೆಗಿಟ್ಟು ನೋಡಬೇಕು, ಯಾಕೆಂದರೆ ನಮ್ಮ ಶಿಬಿರಗಳು ಹೋಲುವುದು ಅದನ್ನೇ. ಇದೇ ವಿಕ್ಟರ್ ಡಲ್ಲಾಸ್ ಕೌಂಟಿಯ 17 ಅಂಗಡಿಗಳಲ್ಲಿ ಮಾಡಿದ್ದ ಪ್ರಯೋಗ 2011ರಲ್ಲಿ ಬಂದಿತ್ತು. ಅಲ್ಲಿ ಕ್ಷೌರಿಕರು ಬಿಪಿ ಅಳೆಯುತ್ತಿದ್ದರು, ಧೈರ್ಯ ಹೇಳುತ್ತಿದ್ದರು, ವೈದ್ಯರ ಬಳಿ ಕಳಿಸುತ್ತಿದ್ದರು. ಹತೋಟಿಗೆ ಬಂದವರ ಸಂಖ್ಯೆ ಏನೋ ಹೆಚ್ಚಿತು, ಆದರೆ ಎರಡು ಗುಂಪುಗಳ ಸರಾಸರಿ ಬಿಪಿಯಲ್ಲಿ ಕಂಡ ವ್ಯತ್ಯಾಸ ಸುಮಾರು 2.5 ಪಾಯಿಂಟ್. ಲಾಸ್ ಏಂಜಲೀಸಿನಲ್ಲಿ ಅದು 21ಕ್ಕೂ ಮೇಲೆ. ಕ್ಷೌರಿಕರು ಎರಡೂ ಕಡೆ ಅಷ್ಟೇ ಪ್ರೀತಿಯಿಂದ ದುಡಿದಿದ್ದರು. ನಡುವೆ ಸೋರಿಹೋಗುತ್ತಿದ್ದದ್ದು ಅಂಗಡಿಯಿಂದ ವೈದ್ಯರವರೆಗಿನ ದಾರಿ. ಅಪಾಯಿಂಟ್‌ಮೆಂಟ್ ಮೂರು ವಾರದಾಚೆ, ಅರ್ಧ ದಿನದ ಸಂಬಳ ಖೋತಾ, ಹೋದರೆ ಹದಿನೈದು ನಿಮಿಷದ ಭೇಟಿ, ಅದರಲ್ಲೂ “ಇವತ್ತು ಸ್ವಲ್ಪ ಜಾಸ್ತಿ ಇದೆ, ಮುಂದಿನ ಸಲ ನೋಡೋಣ” ಎಂಬ ಮಾತು. ಈ ಕೊನೆಯದು ವೈದ್ಯರ ಕೈಯಲ್ಲೇ ಇರುವ ತಪ್ಪು. 150 ಇರುವ ರೋಗಿಗೆ ಮೂರು ಭೇಟಿಯವರೆಗೂ ಔಷಧ ಬದಲಿಸದೆ ಕಳಿಸುವುದು ಎಲ್ಲೆಡೆ ನಡೆಯುತ್ತಿದೆ.

ಹಾಗಾಗಿ ಮೊದಲ ಕೆಲಸ ಕಾಗದದ್ದು. ನಿಮ್ಮ ರಾಜ್ಯದ ಕಾನೂನು ಫಾರ್ಮಸಿಸ್ಟರಿಗೆ ಎಷ್ಟು ಅಧಿಕಾರ ಕೊಡುತ್ತದೆ ಎಂದು ರಾಜ್ಯದ ಫಾರ್ಮಸಿ ಮಂಡಳಿಯಿಂದ ತಿಳಿದುಕೊಳ್ಳಿ. ಕೆಲವೆಡೆ ಹೊಸ ಔಷಧ ಶುರುಮಾಡಬಹುದು, ಕೆಲವೆಡೆ ಪ್ರಮಾಣ ಬದಲಿಸಲು ಮಾತ್ರ ಅವಕಾಶ, ಕೆಲವೆಡೆ ಒಬ್ಬೊಬ್ಬ ರೋಗಿಯ ಹೆಸರಿನಲ್ಲೂ ಒಪ್ಪಂದ ಬೇಕು. ಅದಕ್ಕೆ ತಕ್ಕ ಸಹಯೋಗ ಒಪ್ಪಂದ ಬರೆದು, ವೈದ್ಯರೊಬ್ಬರು ಸಹಿ ಹಾಕಿ, ಔಷಧಗಳ ಏಣಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಲಾಸ್ ಏಂಜಲೀಸಿನ ಏಣಿ ಸರಳವಾಗಿತ್ತು: ಆಮ್ಲೊಡಿಪಿನ್, ಅದರ ಜೊತೆ ಇರ್ಬೆಸಾರ್ಟನ್ ಅಥವಾ ಟೆಲ್ಮಿಸಾರ್ಟನ್‌ನಂಥ ದೀರ್ಘಕಾಲ ಕೆಲಸ ಮಾಡುವ ಔಷಧ, ಮೂರನೆಯದಾಗಿ ಇಂಡಪಮೈಡ್. ಎಲ್ಲವೂ ಜೆನೆರಿಕ್, ದಿನಕ್ಕೊಂದು ಸಲ. ಮೂರು ಹೊತ್ತಿನ ಮಾತ್ರೆ ಪಾಳಿ ಕೆಲಸದವರ ಕೈಯಲ್ಲಿ ನಡೆಯುವುದಿಲ್ಲ. ಆಮ್ಲೊಡಿಪಿನ್ 10 ಮಿಲಿಗ್ರಾಮಿಗೆ ಏರಿದಾಗ ಕಾಲು ಊದುವುದುಂಟು, ಮೊದಲೇ ಹೇಳದಿದ್ದರೆ ರೋಗಿ ಮಾತ್ರೆಯನ್ನೇ ಬಿಡುತ್ತಾನೆ. ಇಂಡಪಮೈಡ್‌ನಿಂದ ಪೊಟ್ಯಾಸಿಯಂ, ಸೋಡಿಯಂ ಇಳಿಯಬಹುದು, ಸಾರ್ಟನ್‌ಗಳಿಂದ ಪೊಟ್ಯಾಸಿಯಂ ಏರಬಹುದು. ಶುರುಮಾಡಿದ ಎರಡರಿಂದ ನಾಲ್ಕು ವಾರದೊಳಗೆ ರಕ್ತಪರೀಕ್ಷೆ ಆಗಲೇಬೇಕು. ಎಸಿಇ ಇನ್‌ಹಿಬಿಟರ್ ಎಂಬ ಗುಂಪಿನ ಬಿಪಿ ಔಷಧಗಳಿಂದ ತುಟಿ, ನಾಲಿಗೆ, ಗಂಟಲು ಊದಿಕೊಳ್ಳುವ ಅಪಾಯ ಆಫ್ರಿಕನ್ ಅಮೆರಿಕನ್ನರಲ್ಲಿ ಹೆಚ್ಚು. ಈ ಮಾತು ಕ್ಷೌರಿಕರಿಗೂ ಗೊತ್ತಿರಬೇಕು, ಯಾಕೆಂದರೆ ಗಿರಾಕಿ ಮೊದಲು ಫೋನು ಮಾಡುವುದು ಅವರಿಗೇ. ಬೆರಳ ತುದಿಯ ರಕ್ತದಲ್ಲಿ ಸಕ್ಕರೆ, ಕೊಲೆಸ್ಟರಾಲ್ ನೋಡುವುದಾದರೂ ಪ್ರಯೋಗಾಲಯ ಪರೀಕ್ಷೆಗಳ ಗುಣಮಟ್ಟದ ಫೆಡರಲ್ ಕಾನೂನಾದ ಕ್ಲಿಯಾದಡಿ ವಿನಾಯಿತಿ ಪತ್ರ ಬೇಕು. ಅದಿಲ್ಲದೆ ಚರ್ಚಿನ ಹಾಲ್‌ನಲ್ಲಿ ಪರೀಕ್ಷೆ ಮಾಡಬೇಡಿ.

ಅಳತೆಯ ಬಗ್ಗೆ ಬರೆಯಲು ವೈದ್ಯರಿಗೆ ಸಂಕೋಚವೆನಿಸಬಹುದು, ಇಷ್ಟು ಗೊತ್ತಿಲ್ಲವೇ ಎಂದು. ಆದರೆ ಶಿಬಿರಗಳು ಹೆಚ್ಚು ಎಡವುವುದು ಇಲ್ಲೇ. ಒಂದೇ ಅಳತೆಯ ಪಟ್ಟಿಯನ್ನು ಎಲ್ಲರ ತೋಳಿಗೂ ಸುತ್ತುತ್ತಾರೆ. ಜಾನ್ಸ್ ಹಾಪ್ಕಿನ್ಸ್‌ನವರು 2023ರಲ್ಲಿ ಪ್ರಕಟಿಸಿದಂತೆ, ಅತಿ ದೊಡ್ಡ ಪಟ್ಟಿ ಬೇಕಾದ ತೋಳಿಗೆ ಸಾಮಾನ್ಯ ಪಟ್ಟಿ ಸುತ್ತಿದರೆ ಮೇಲಿನ ಬಿಪಿ ಸರಾಸರಿ 19.5 ಪಾಯಿಂಟ್ ಹೆಚ್ಚು ತೋರಿಸುತ್ತದೆ. 120 ಇರುವವರನ್ನು ರೋಗಿ ಎಂದು ಮನೆಗೆ ಕಳಿಸಿದಂತಾಯಿತು. ತೋಳಿನ ನಡುವೆ ಟೇಪು ಹಿಡಿದು ನೋಡಿ: 27ರಿಂದ 34 ಸೆಂಟಿಮೀಟರಿಗೆ ಸಾಮಾನ್ಯ, 35ರಿಂದ 44ಕ್ಕೆ ದೊಡ್ಡದು, 45ರಿಂದ 52ಕ್ಕೆ ಅತಿ ದೊಡ್ಡದು. ಮೂರೂ ಪೆಟ್ಟಿಗೆಯಲ್ಲಿರಲಿ. ಕೈಯನ್ನು ತೊಡೆಯ ಮೇಲಿಟ್ಟರೆ ಸುಮಾರು 4 ಪಾಯಿಂಟ್, ಪಕ್ಕಕ್ಕೆ ಜೋತುಬಿಟ್ಟರೆ ಸುಮಾರು 6.5 ಪಾಯಿಂಟ್ ಹೆಚ್ಚು ಬರುತ್ತದೆ ಎಂದು ಅದೇ ಸಂಸ್ಥೆಯ ಮುಂದಿನ ಅಧ್ಯಯನ ತೋರಿಸಿತು. ಹಾಗಾಗಿ ಕೈಯಡಿಗೆ ಮೇಜು ಬೇಕು, ಬೆನ್ನಿಗೆ ಆಸರೆ ಬೇಕು, ಎರಡೂ ಪಾದ ನೆಲ ಮುಟ್ಟಿರಬೇಕು, ಮೊದಲು ಐದು ನಿಮಿಷ ಮಾತಿಲ್ಲದ ವಿಶ್ರಾಂತಿ, ಆಮೇಲೆ ಒಂದೊಂದು ನಿಮಿಷದ ಅಂತರದಲ್ಲಿ ಎರಡು ಮೂರು ಸಲ ಅಳತೆ. ಕ್ಷೌರದಂಗಡಿಯ ಕುರ್ಚಿ ಇದಕ್ಕೆ ಚೆನ್ನಾಗಿಯೇ ಒದಗುತ್ತದೆ, ಕಾಲು ಮಾತ್ರ ತೂಗಾಡಬಾರದು. ಕಷ್ಟವಾಗುವುದು ಮೌನ. ಅಂಗಡಿ ಅಂದರೆ ಮಾತು, ನಗು, ಬೇಸ್‌ಬಾಲ್ ಜಗಳ. ಆ ಐದು ನಿಮಿಷಕ್ಕೆ ಹಿಂದಿನ ಕೋಣೆಯೊಂದನ್ನು ಕೇಳಿ ಪಡೆಯಿರಿ.

180/120 ದಾಟಿದವರು ಸಿಕ್ಕಾಗ ಏನು ಮಾಡುವುದೆಂದು ಮೊದಲ ದಿನವೇ ಬರೆದು ಗೋಡೆಗೆ ಅಂಟಿಸಿ. ಎದೆನೋವು, ಉಸಿರುಕಟ್ಟುವಿಕೆ, ಮಾತು ತೊದಲುವುದು, ಒಂದು ಕಡೆ ಬಲ ಕುಂದುವುದು ಇದ್ದರೆ 911. ಇಂಥ ಲಕ್ಷಣವೇನೂ ಇಲ್ಲದಿದ್ದರೆ ಐದು ನಿಮಿಷ ಬಿಟ್ಟು ಮತ್ತೆ ಅಳೆದು, ಅಷ್ಟೇ ಇದ್ದರೆ ಅದೇ ದಿನ ವೈದ್ಯರೊಬ್ಬರ ಜೊತೆ ಫೋನಿನಲ್ಲಿ ಮಾತಾಡಿಸಬೇಕು. ಆ ಫೋನು ಎತ್ತುವವರು ನಿಮ್ಮಲ್ಲೊಬ್ಬರಾಗಿರಬೇಕು. ಸರದಿಯ ಪಟ್ಟಿ ಮಾಡಿಕೊಳ್ಳಿ.

ಇನ್ನು ನಂಬಿಕೆಯ ವಿಷಯ. ಪಾದ್ರಿಯವರು ಮೊದಲ ಭೇಟಿಯಲ್ಲಿ ಬಿಗುವಾಗಿ ಕೂತರೆ ಬೇಸರಪಡಬೇಡಿ. 1932ರಿಂದ 1972ರವರೆಗೆ ಅಲಬಾಮದ ಟಸ್ಕಿಗೀಯಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯೇ ಸಿಫಿಲಿಸ್ ಇದ್ದ 399 ಕಪ್ಪು ಗಂಡಸರನ್ನು, ಪೆನಿಸಿಲಿನ್ ಬಂದ ಮೇಲೂ ಚಿಕಿತ್ಸೆ ಕೊಡದೆ, ಸಾಯುವವರೆಗೂ ನೋಡುತ್ತಾ ಕೂತಿತ್ತು. ಈ ಕಥೆ ನಿಮಗೆ ಗೊತ್ತಿರುತ್ತದೆ. ನಾವು ಒತ್ತಿ ಹೇಳಬೇಕೆಂದಿರುವುದು ಅದರ ಇನ್ನೊಂದು ಮುಖವನ್ನು. ಆ ಗಂಡಸರನ್ನು ಕರೆತಂದದ್ದು ಅವರು ನಂಬಿದ್ದ ಜಾಲವೇ. ಚರ್ಚುಗಳಿದ್ದವು, ಕಪ್ಪು ಸಮುದಾಯದ ಹೆಮ್ಮೆಯ ವಿದ್ಯಾಸಂಸ್ಥೆಯಿತ್ತು, ಮನೆಮನೆಗೆ ಬರುತ್ತಿದ್ದ ಅವರದೇ ಸಮುದಾಯದ ನರ್ಸ್ ಇದ್ದರು. ಇವತ್ತು ನಾವು ಸಮುದಾಯ ಸಹಭಾಗಿತ್ವ ಎನ್ನುವ ಎಲ್ಲವೂ ಅಲ್ಲಿತ್ತು, ನಿರ್ಧಾರ ಮಾಡುವ ಅಧಿಕಾರ ಒಂದನ್ನು ಬಿಟ್ಟು. ಆದ್ದರಿಂದ ಚರ್ಚಿನ ಹಾಲ್ ಸಿಕ್ಕಿತು, ಪಾದ್ರಿ ಒಪ್ಪಿದರು ಎಂದಮಾತ್ರಕ್ಕೆ ಸಹಭಾಗಿತ್ವ ಆಯಿತೆಂದು ತಿಳಿಯಬಾರದು. ಯಾವ ಮಾಹಿತಿ ಬರೆದಿಡುತ್ತೀರಿ, ಅದು ಯಾರ ಕಂಪ್ಯೂಟರಿನಲ್ಲಿರುತ್ತದೆ, ಯಾರು ನೋಡಬಹುದು, ಕಾರ್ಯಕ್ರಮ ನಿಂತರೆ ರೋಗಿಗಳ ಗತಿಯೇನು, ದುಡ್ಡಿನ ಖಾತೆಗೆ ಸಹಿ ಯಾರದು ಎಂಬ ಪ್ರಶ್ನೆಗಳಿಗೆ ಲಿಖಿತ ಉತ್ತರ ಇರಬೇಕು. ಬೇಡವೆಂದು ನಿಲ್ಲಿಸುವ ಹಕ್ಕು ಅವರಿಗಿರಬೇಕು.

ಸರಿಯಾದ ಮಾದರಿಯೂ ದಕ್ಷಿಣದಲ್ಲೇ ಹುಟ್ಟಿದೆ. ಗುಲಾಮಗಿರಿಯಿಂದ ಬಿಡುಗಡೆಗೊಂಡವರು 1887ರಲ್ಲಿ ಕಟ್ಟಿದ ಮೌಂಡ್ ಬಾಯು ಎಂಬ ಮಿಸಿಸಿಪ್ಪಿಯ ಊರಿನಲ್ಲಿ ಡಾ. ಜ್ಯಾಕ್ ಗೈಗರ್, ಸಮುದಾಯ ಸಂಘಟಕ ಜಾನ್ ಹ್ಯಾಚ್ ಮೊದಲಾದವರು 1967ರಲ್ಲಿ ಡೆಲ್ಟಾ ಹೆಲ್ತ್ ಸೆಂಟರ್ ತೆರೆದರು. ಜನರ ಮೊದಲ ಅಳಲು ಹಸಿವು ಎಂದು ಗೊತ್ತಾದಾಗ ಆಹಾರವನ್ನೇ ಔಷಧದ ಚೀಟಿಯಲ್ಲಿ ಬರೆದುಕೊಟ್ಟರು. ಬಾವಿ ತೋಡಿಸಿದರು. ಜನ ಸೇರಿ ಸಹಕಾರಿ ಕೃಷಿ ನಡೆಸಿದರು. ಅದೇ ಬೇರಿನಿಂದ ಚಿಗುರಿದ ಫೆಡರಲ್ ಆರೋಗ್ಯ ಕೇಂದ್ರಗಳಲ್ಲಿ ಇಂದಿಗೂ ಆಡಳಿತ ಮಂಡಳಿಯ ಸದಸ್ಯರಲ್ಲಿ ಕನಿಷ್ಠ ಶೇ. 51 ಮಂದಿ ಅಲ್ಲಿನ ರೋಗಿಗಳೇ ಆಗಿರಬೇಕೆಂಬ ನಿಯಮವಿದೆ. ನಿಮ್ಮ ಊರಿನ ಅಂಥ ಕೇಂದ್ರವನ್ನು ಹುಡುಕಿ ಮೊದಲು ಅದರ ಜೊತೆ ಕೈಜೋಡಿಸಿ. ವಿಮೆ ಇಲ್ಲದವರಿಗೆ ಆದಾಯಕ್ಕೆ ತಕ್ಕ ಶುಲ್ಕ ಅಲ್ಲಿದೆ, ಹಲವೆಡೆ 340ಬಿ ಯೋಜನೆಯಲ್ಲಿ ಅಗ್ಗದ ಔಷಧವೂ ಇದೆ. ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡನ್ನು ವಿಸ್ತರಿಸದ ಮಿಸಿಸಿಪ್ಪಿ, ಅಲಬಾಮ, ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಈ ಕೊಂಡಿ ಇಲ್ಲದೆ ನಿಮ್ಮ ಕಾರ್ಯಕ್ರಮ ಎರಡನೆಯ ತಿಂಗಳಿಗೇ ನಿಲ್ಲುತ್ತದೆ. ಔಷಧ ಬರೆದಿರುತ್ತೀರಿ, ಕೊಳ್ಳಲು ಆಗುವುದಿಲ್ಲ.

ಚರ್ಚುಗಳ ಶಕ್ತಿ ಬೇರೆ ಬಗೆಯದು. ಮೇಯೋ ಕ್ಲಿನಿಕ್ಕಿನ ಡಾ. ಲಾಪ್ರಿನ್ಸೆಸ್ ಬ್ರೂವರ್ ಮಿನೆಸೋಟದ ಚರ್ಚುಗಳ ಜೊತೆ ಸೇರಿ ರೂಪಿಸಿದ ‘ಫೇತ್’ ಕಾರ್ಯಕ್ರಮದಲ್ಲಿ ಆ್ಯಪ್‌ನ ವಿನ್ಯಾಸದಿಂದ ಹಿಡಿದು ಪಾಠಗಳವರೆಗೂ ಚರ್ಚಿನ ಜನರ ಪಾಲಿತ್ತು. 16 ಚರ್ಚುಗಳ 85 ಮಂದಿಯಲ್ಲಿ ನಡೆದ ಪ್ರಯೋಗದಲ್ಲಿ ಹೃದಯಾರೋಗ್ಯದ ಅಂಕ 1.9ರಷ್ಟು ಏರಿತು, ಹೋಲಿಕೆಯ ಗುಂಪಿನಲ್ಲಿ 0.7. ನ್ಯೂಯಾರ್ಕಿನ 32 ಚರ್ಚುಗಳಲ್ಲಿ ತರಬೇತಾದ ಸ್ವಯಂಸೇವಕರು ವಾರಕ್ಕೊಂದರಂತೆ 11 ತರಗತಿ ನಡೆಸಿ, ಆಮೇಲೆ ತಿಂಗಳಿಗೊಮ್ಮೆ ಮಾತಾಡಿಸಿದಾಗ ಆರನೆಯ ತಿಂಗಳಿಗೆ ಬಿಪಿಯಲ್ಲಿ 5.79 ಪಾಯಿಂಟ್ ಹೆಚ್ಚುವರಿ ಇಳಿಕೆ ಸಿಕ್ಕಿತು. ಒಂಬತ್ತನೆಯ ತಿಂಗಳಿಗೆ ಆ ಲಾಭದ ಗಟ್ಟಿತನ ಕಡಿಮೆಯಾಗಿತ್ತು. ನಾವು ಹದಿನೆಂಟು ತಿಂಗಳು ಎಂದದ್ದು ಇದಕ್ಕೇ. ತರಗತಿ ನಿಂತರೆ ಬಿಪಿ ಮತ್ತೆ ಏರಬಹುದು.

ಊಟದ ವಿಷಯಕ್ಕೆ ಕೈಹಾಕುವಾಗ ಮೆಲ್ಲಗೆ ಹೆಜ್ಜೆ ಇಡಿ. ಸುಮಾರು 30,000 ಜನರ ರಿಗಾರ್ಡ್ಸ್ ಅಧ್ಯಯನದ ಲೆಕ್ಕದಲ್ಲಿ, ಬಿಳಿಯರಿಗಿಂತ ಕಪ್ಪು ಗಂಡಸರಲ್ಲಿ ಹೆಚ್ಚುವರಿಯಾಗಿ, ಹೊಸದಾಗಿ ಕಾಣಿಸಿಕೊಳ್ಳುವ ಬಿಪಿಯಲ್ಲಿ ಶೇ. 51.6ರಷ್ಟನ್ನು, ಹೆಂಗಸರಲ್ಲಿ ಶೇ. 29.2ರಷ್ಟನ್ನು ದಕ್ಷಿಣದ ಊಟದ ಕ್ರಮವೇ ವಿವರಿಸುತ್ತದೆ: ಕರಿದದ್ದು, ಉಪ್ಪು ಹಾಕಿ ಸಂಸ್ಕರಿಸಿದ ಮಾಂಸ, ಸಕ್ಕರೆ ಪಾನೀಯ. ಅಂದಮೇಲೆ ಇದು ಮುಖ್ಯ. ಆದರೆ ಉಪ್ಪಿನಕಾಯಿ, ಹಪ್ಪಳ ಬಿಡಿ ಎಂದು ಅಪರಿಚಿತರು ಬಂದು ಹೇಳಿದರೆ ನಮ್ಮ ಮನೆಯ ಹಿರಿಯರು ಹೇಗೆ ಕೇಳುತ್ತಾರೋ ಅವರೂ ಹಾಗೇ ಕೇಳುತ್ತಾರೆ. ಚರ್ಚಿನ ಅಡುಗೆಮನೆ ನಡೆಸುವ ತಾಯಂದಿರಿಗೇ ಈ ಕೆಲಸ ಬಿಡಿ. ಕಾಲರ್ಡ್ ಸೊಪ್ಪಿಗೆ ಉಪ್ಪುಹಾಕಿದ ಹಂದಿಯ ಮೂಳೆಯ ಬದಲು ಹೊಗೆಯಾಡಿಸಿದ ಪ್ಯಾಪ್ರಿಕಾ, ಈರುಳ್ಳಿ, ಬೆಳ್ಳುಳ್ಳಿ, ಕೊನೆಗೆ ಒಂದು ಚಮಚ ವಿನೆಗರ್ ಹಾಕಿದರೆ ರುಚಿ ನಿಲ್ಲುತ್ತದೆ. ಡಬ್ಬಿಯ ಕಾಳನ್ನು ನೀರಿನಲ್ಲಿ ತೊಳೆದು ಬಳಸಬೇಕು. ದಿನದ ಮಿತಿಯಾದ 2,300 ಮಿಲಿಗ್ರಾಮ್ ಸೋಡಿಯಂ ಅಂದರೆ ಸುಮಾರು ಒಂದು ಟೀ ಚಮಚ ಉಪ್ಪು, ಅದರೊಳಗೆ ಬ್ರೆಡ್ಡು, ಸಾಸು, ಸಂಸ್ಕರಿಸಿದ ಮಾಂಸದ ಉಪ್ಪೂ ಸೇರಿದೆ. ಪೊಟ್ಯಾಸಿಯಂ ಬೆರೆಸಿದ ಬದಲಿ ಉಪ್ಪನ್ನು ಮಾತ್ರ ಸಾರ್ವತ್ರಿಕವಾಗಿ ಹಂಚಬೇಡಿ. ಕಿಡ್ನಿ ತೊಂದರೆ ಇರುವವರಿಗೆ, ಸಾರ್ಟನ್ ನುಂಗುವವರಿಗೆ ಅದು ಅಪಾಯ.

ಕ್ಷೌರದಂಗಡಿಯ ಯಶಸ್ಸಿನ ಗುಂಗಿನಲ್ಲಿ ಹೆಂಗಸರನ್ನು ಮರೆಯುವುದು ಸುಲಭ. ಬಸುರಿನಲ್ಲಿ ಬಿಪಿ ಏರಿ ಪ್ರಿಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಹೃದ್ರೋಗದ ಅಪಾಯ ಹೆಚ್ಚು, ಆಫ್ರಿಕನ್ ಅಮೆರಿಕನ್ ತಾಯಂದಿರಲ್ಲಿ ಅದು ಹೆಚ್ಚಾಗಿ ಕಾಣುತ್ತದೆ. ಹೆರಿಗೆಯ ನಂತರ ಹನ್ನೆರಡು ತಿಂಗಳವರೆಗೆ ಮೆಡಿಕೇಡ್ ವಿಸ್ತರಿಸುವ ಅವಕಾಶ 2022ರಿಂದ ರಾಜ್ಯಗಳಿಗಿದೆ, ಮಿಸಿಸಿಪ್ಪಿಯೂ 2023ರಲ್ಲಿ ಒಪ್ಪಿತು. ಆ ಹನ್ನೆರಡು ತಿಂಗಳಲ್ಲಿ ತಾಯಿಯ ಕೈಗೊಂದು ಬಿಪಿ ಯಂತ್ರ, ವಾರಕ್ಕೊಂದು ಫೋನು, ಮುಗಿಯುವ ಮೊದಲು ಕುಟುಂಬ ವೈದ್ಯರೊಬ್ಬರು ಸಿಗಬೇಕು. ಕೂದಲು ಹೆಣೆಯುವ ಸಲೂನ್‌ಗಳಲ್ಲಿ ಹೆಂಗಸರು ಗಂಟೆಗಟ್ಟಲೆ ಕೂರುತ್ತಾರೆ. ಅಲ್ಲಿ ಕೆಲಸ ಶುರುಮಾಡಿ.

ದುಡ್ಡು. ಕ್ಷೌರಿಕರಿಗೆ, ಚರ್ಚಿನ ಆರೋಗ್ಯ ಕಾರ್ಯಕರ್ತೆಯರಿಗೆ ಸಂಭಾವನೆ ಕೊಡಿ. ಅವರ ವೇಳೆ ಪುಕ್ಕಟೆ, ನಿಮ್ಮ ವೇಳೆಗೆ ಬೆಲೆ ಎಂಬ ಲೆಕ್ಕ ಮೊದಲ ಬಿರುಕು. 2024ರ ಜನವರಿಯಿಂದ, ಮುಖ್ಯವಾಗಿ 65 ದಾಟಿದವರ ಸರ್ಕಾರಿ ವಿಮೆಯಾದ ಮೆಡಿಕೇರ್, ಸಮುದಾಯ ಆರೋಗ್ಯ ಕಾರ್ಯಕರ್ತರ ಕೆಲಸಕ್ಕೆ ಜಿ0019 ಎಂಬ ಬಿಲ್ ಸಂಕೇತದಡಿ ತಿಂಗಳಿಗೆ 60 ನಿಮಿಷ, ಹೆಚ್ಚುವರಿ ಪ್ರತಿ 30 ನಿಮಿಷಕ್ಕೆ ಜಿ0022 ಅಡಿಯಲ್ಲಿ ಹಣ ಕೊಡುತ್ತಿದೆ. ಮನೆಯಲ್ಲಿ ಬಿಪಿ ಅಳೆಯಲು ಕಲಿಸುವುದಕ್ಕೆ 99473, ಆ ಅಳತೆಗಳನ್ನು ನೋಡಿ ಔಷಧ ಸರಿಪಡಿಸುವುದಕ್ಕೆ 99474 ಸಂಕೇತಗಳಿವೆ. ನಿಮ್ಮ ಕ್ಲಿನಿಕ್ಕು ಈ ಬಿಲ್ ಹಾಕಿ, ಬಂದದ್ದನ್ನು ಕಾರ್ಯಕರ್ತೆಯ ಸಂಬಳಕ್ಕೆ ಕೊಡಬಹುದು. 65 ತುಂಬದವರಿಗೆ ಈ ದಾರಿ ಸಾಮಾನ್ಯವಾಗಿ ಇಲ್ಲ, ಆ ಕಂದಕ ತುಂಬಲು ಕೂಟದ ದೇಣಿಗೆ ಬೇಕು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಇಂಪ್ಯಾಕ್ಟ್ ಕಾರ್ಯಕ್ರಮದ ವಿಶ್ಲೇಷಣೆಯಲ್ಲಿ, ಇಂಥ ಕಾರ್ಯಕರ್ತರ ಮೇಲೆ ಹಾಕಿದ ಒಂದು ಡಾಲರಿಗೆ ಮೆಡಿಕೇಡ್‌ಗೆ 2.47 ಡಾಲರ್ ಮರಳಿತ್ತು. ಆಸ್ಪತ್ರೆಯ ಆಡಳಿತದ ಮುಂದೆ ಮಾತಾಡುವಾಗ ಈ ಅಂಕಿ ಕೈಯಲ್ಲಿರಲಿ.

ಕೂಟಗಳ ಪದಾಧಿಕಾರಿಗಳಿಗೆ ನಮ್ಮ ಕೋರಿಕೆ ಇಷ್ಟು. ಮುಂದಿನ ಬಜೆಟ್‌ನಲ್ಲಿ ಆರೋಗ್ಯ ಶಿಬಿರದ ಬಾಬ್ತನ್ನು ಒಂದೇ ಸಹಭಾಗಿತ್ವಕ್ಕೆ ಮೀಸಲಿಡಿ. ಮೊದಲ ಮೂರು ತಿಂಗಳು ಒಂದೂ ಬಿಪಿ ಅಳೆಯದೆ, ಚರ್ಚಿನ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಕೇಳಿಸಿಕೊಳ್ಳಿ. ಸಲಹಾ ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಥಾನ ಅವರದಾಗಿರಲಿ, ಅಧ್ಯಕ್ಷತೆಯೂ. ಬ್ಯಾನರಿನಲ್ಲಿ ಕೂಟದ ಹೆಸರು ಇಲ್ಲದಿದ್ದರೂ ನಡೆಯುತ್ತದೆ. ಫಾರ್ಮಸಿಸ್ಟರೇ, ವಾರಕ್ಕೆ ಅರ್ಧ ದಿನ ಕೊಡಲು ಸಾಧ್ಯವಿರುವ ಇಬ್ಬರು ಒಂದು ಊರಿನಲ್ಲಿ ಮುಂದೆ ಬಂದರೆ ಒಂದು ಅಂಗಡಿ ನಡೆಯುತ್ತದೆ. ವೈದ್ಯರೇ, ನೀವು ಆ ಒಪ್ಪಂದಕ್ಕೆ ಸಹಿ ಹಾಕಬೇಕು, ರಾತ್ರಿ ಹತ್ತಕ್ಕೆ ಬರುವ ಫೋನನ್ನು ಎತ್ತಬೇಕು, ಮೂರು ತಿಂಗಳಿಗೊಮ್ಮೆ ಲೆಕ್ಕವನ್ನು ಚರ್ಚಿನವರ ಮುಂದೆಯೇ ಒಪ್ಪಿಸಬೇಕು: ಎಷ್ಟು ಜನರ ಬಿಪಿ ಅಳೆದೆವು ಎಂಬುದಕ್ಕಿಂತ ಮೊದಲು, 130/80ರ ಕೆಳಗೆ ಬಂದವರು ಎಷ್ಟು, ಔಷಧ ಬಿಟ್ಟವರು ಎಷ್ಟು, ಯಾಕೆ ಬಿಟ್ಟರು.

ಇತಿ,
ಸಮುದಾಯ ಹೃದಯಾರೋಗ್ಯ ಕೆಲಸದಲ್ಲಿ ತೊಡಗಿರುವ ಕನ್ನಡಿಗರು